ಬತ್ತಳಿಕೆ ಯಾವುದು ತಗೋಬೇಕು? ಮೇಷ್ಟ್ರನ್ನ ಕೇಳಿ (ಗ್ರೂಪ್ ಪ್ರಶ್ನೋತ್ತರ)

ಮೇಷ್ಟ್ರು: ಎಲ್ಲರಿಗೂ ನಮಸ್ಕಾರ. ನಾನು ಬಿಲ್ಲುಗಾರಿಕೆ ಹೇಳಿಕೊಡ್ತೀನಿ, ಜೊತೆಗೆ 20 ವರ್ಷದಿಂದ ಚರ್ಮದ ಬತ್ತಳಿಕೆ ಹೊಲೀತಾ ಇದ್ದೀನಿ. ಅಡ್ಮಿನ್ ಕೇಳ್ಕೊಂಡ್ರು ಅಂತ ಇವತ್ತು ಸಂಜೆ ಇಲ್ಲೇ ಇರ್ತೀನಿ. ಲಾಂಗ್‌ಬೋ (ಉದ್ದನೆ ಸಾದಾ ಬಿಲ್ಲು), ರಿಕರ್ವ್ (ತುದಿ ಮುಂದಕ್ಕೆ ಬಾಗಿರೋ ಬಿಲ್ಲು) ಹಿಡಿಯೋರು ಬತ್ತಳಿಕೆ ಆರಿಸೋ ಬಗ್ಗೆ ಏನಿದ್ರೂ ಕೇಳಿ. ಬೇಟೆ ವಿಷಯ ಮಾತ್ರ, ನೀವಿರೋ ಕಡೆ ಕಾನೂನು ಒಪ್ಪಿ, ಕೈಯಲ್ಲಿ ಪರ್ಮಿಟ್ ಇದ್ರೆ ಕೇಳಿ. ಇಲ್ಲದೋರಿಗೆ ಟಾರ್ಗೆಟ್ ಇದೆ, ತ್ರೀಡಿ ಗುರಿಗಳಿವೆ, ಅಂದ್ರೆ ಪ್ರಾಣಿ ಆಕಾರದ ಗೊಂಬೆಗಳು.

ಹೊಸಬಿಲ್ಲು: ಮೇಷ್ಟ್ರೇ ನಮಸ್ತೆ, ಮೂರು ತಿಂಗಳಾಯ್ತು ರಿಕರ್ವ್ ತಗೊಂಡು. ಬೆನ್ನಿಗೆ ಹಾಕೋದಾ ಸೊಂಟಕ್ಕೆ ಕಟ್ಟೋದಾ ಬಿಲ್ಲಿಗೇ ಸಿಕ್ಕಿಸೋದಾ, ತಲೆ ಕೆಟ್ಟು ಹೋಗಿದೆ. ಬಿಗಿನರ್‌ಗೆ ಯಾವುದು ಒಳ್ಳೇದು?

ಮೇಷ್ಟ್ರು: ಸೊಂಟಕ್ಕೆ ಕಟ್ಟೋದು. ಬಾಣ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ, ಯಾವ ಬಾಣ ತೆಗೀತಿದ್ದೀರ ಅಂತ ಗೊತ್ತಾಗುತ್ತೆ. ಇದರಲ್ಲೂ ಎರಡು ಬಗೆ ಇದೆ, ಟಾರ್ಗೆಟ್ ಮೈದಾನದ್ದು ಮುಂದಕ್ಕೆ ಓರೆಯಾಗಿರುತ್ತೆ, ಫೀಲ್ಡ್ ಕ್ವಿವರ್ ಅಂತಾರಲ್ಲ ಅದರಲ್ಲಿ ನಾಕ್ (ಹೆದೆಗೆ ಸಿಕ್ಕಿಸೋ ಬಾಣದ ತುದಿ) ಹಿಂದಕ್ಕೆ ತಿರುಗಿರುತ್ತೆ. ಪೊದೆ ನಡುವೆ ಓಡಾಡೋದಾದ್ರೆ ಎರಡನೇದು, ಗರಿ ಗಿಡಕ್ಕೆ ಸಿಕ್ಕಿಹಾಕ್ಕೊಳಲ್ಲ. ತಗೊಳೋ ಮುಂಚೆ ನಿಮ್ಮ ಬಾಣ ಅಳೀರಿ, ಮೊನೆಯಿಂದ ಗರಿ ಶುರುವಾಗೋ ಜಾಗದವರೆಗೆ. 29 ಇಂಚಿನ ಬಾಣ, 5 ಇಂಚಿನ ಗರಿ ಅಂದ್ರೆ ಅದು ಸುಮಾರು 23 ಇಂಚು ಬರುತ್ತೆ, ಹಾಗಾಗಿ ಬತ್ತಳಿಕೆ ಆಳ 21, 22 ಇಂಚು ಇರಲಿ. ಗರಿ ಒಳಗೆ ಹೋದ್ರೆ ಮುದುರಿ ಹಾಳಾಗುತ್ತೆ.

ಕಾಡುದಾರಿ: ಮೇಷ್ಟ್ರೇ, ನಂದು ಮೆತ್ತನೆ ಚರ್ಮದ ಬ್ಯಾಕ್ ಕ್ವಿವರ್, ಬೆನ್ನಿಗೆ ಹಾಕೋದು. ಪರ್ಮಿಟ್ ಇದೆ. ಒಳಗೆ 4 ಬ್ರಾಡ್‌ಹೆಡ್ (ಬೇಟೆಯ ಹರಿತ ಅಲಗಿನ ಮೊನೆ) ಬಾಣ, 2 ಫೀಲ್ಡ್ ಪಾಯಿಂಟ್ (ಅಲಗಿಲ್ಲದ ಅಭ್ಯಾಸದ ಮೊನೆ). ಹೋದ ವಾರ ಇಳಿಜಾರಲ್ಲಿ ಕಾಲು ಜಾರಿ ಹಾಗೇ ಕೂತುಬಿಟ್ಟೆ, ಎದ್ದು ನೋಡಿದ್ರೆ ತಳದ ಹೊಲಿಗೆ ಪಕ್ಕ ಒಂದು ಅಲಗು ಅರ್ಧ ಇಂಚು ಆಚೆ ಬಂದಿತ್ತು. ಜಾಕೆಟ್ ಹರಿದಿದೆ, ಮೈಗೆ ಏನೂ ಆಗಿಲ್ಲ. ಒಳಗಿಂದ ಒಂದು ತುಂಡು ಚರ್ಮ ಅಂಟಿಸಿದ್ರೆ ಸಾಕಲ್ವಾ? ಮುಂದಿನ ವಾರ ಸೀಸನ್ ಶುರು, ಮಗನೂ ಬರ್ತಾನೆ, ಅವನಿಗೆ 14 ವರ್ಷ, ಅವನ ಹತ್ರಾನೂ ಇಂಥದ್ದೇ ಇದೆ.

ಎಡಗೈ: ಮೇಷ್ಟ್ರೇ ನಾನು ಎಡಗೈಯವನು, ಎಡ ಭುಜ ನೋವು. ಬಿಲ್ಲು ಎಳೆಯೋಕೆ ತೊಂದ್ರೆ ಇಲ್ಲ, ಕೈ ತಲೆ ಮೇಲಿಂದ ಹಿಂದಕ್ಕೆ ಹೋಗಲ್ಲ. ಅಂಗಡೀಲಿ ಇರೋದೆಲ್ಲ ಬಲಗೈಯವರಿಗೇ. ಏನ್ ಮಾಡ್ಲಿ?

ಗರಿಗೆದರಿ: ಮಳೇಲಿ ಗರಿ ನೆನೆಯದ ಹಾಗೆ ಯಾವ ಬತ್ತಳಿಕೆ?

ಮೇಷ್ಟ್ರು: ಎಡಗೈ, ಸ್ವಲ್ಪ ಇರಿ. ಮೊದಲು ಕಾಡುದಾರಿಯವರಿಗೆ ಹೇಳಬೇಕು.

ಕಾಡುದಾರಿ ಅವರೇ, ಅಂಟಿಸಬೇಡಿ. ಆ ಬತ್ತಳಿಕೆಗೆ ಇನ್ಮೇಲೆ ಬ್ರಾಡ್‌ಹೆಡ್ ಹಾಕಲೇಬೇಡಿ, ಮಗನದ್ದಕ್ಕೂ ಬೇಡ. ಯಾಕೆ ಅಂತ ಪೂರ್ತಿ ಹೇಳ್ತೀನಿ, ತಾಳ್ಮೆಯಿಂದ ಓದಿ. ಬ್ಯಾಕ್ ಕ್ವಿವರ್‌ನಲ್ಲಿ ಬಾಣ ಎಲ್ಲಾ ಮೊನೆ ಕೆಳಗಾಗಿ ಬರೀ ತಳದ ಮೇಲೆ ನಿಂತಿರುತ್ತೆ, ಅದನ್ನ ಹಿಡಿದುಕೊಳ್ಳೋದು ಏನೂ ಇಲ್ಲ. ನೀವು ನಡೆದ ಹಾಗೆಲ್ಲ ಅಲಗು ತಳವನ್ನ ಒಂದೊಂದು ಕೂದಲೆಳೆ ಕೊಯ್ತಾನೇ ಇರುತ್ತೆ, ಹೊರಗಿಂದ ಕಾಣಲ್ಲ. ಮೊದಲು ಹೋಗೋದು ದಾರ, ಚರ್ಮ ಅಲ್ಲ, ಅದಕ್ಕೇ ನಿಮ್ಮದು ಹೊಲಿಗೆ ಪಕ್ಕಾನೇ ಆಚೆ ಬಂದಿದೆ. ಜಾರಿ ಕೂತಾಗ ನೆಲಕ್ಕೆ ಮೊದಲು ತಾಗೋದು ಆ ತಳಾನೇ, ಮೇಲಿಂದ ನಿಮ್ಮ ಭಾರ. ಒಳಗೆ 3 ಮಿಲಿಮೀಟರ್ ಚರ್ಮ ಇನ್ನೊಂದು ಅಂಟಿಸಿದ್ರೆ ಇವತ್ತು ಆಗೋದು ಇನ್ನೊಂದು ತಿಂಗಳು ಬಿಟ್ಟು ಆಗುತ್ತೆ ಅಷ್ಟೇ, ಅಷ್ಟರಲ್ಲಿ ಸರಿ ಹೋಗಿದೆ ಅಂತ ನಿಮಗೆ ಧೈರ್ಯ ಬಂದಿರುತ್ತೆ, ನನಗೆ ಭಯ ಆಗೋದು ಆ ಧೈರ್ಯ ನೋಡಿ. ನೀವು ಕಾಲು ಉದ್ದಕ್ಕೆ ಚಾಚಿ ಕೂರದೆ ಬೆನ್ನ ಮೇಲೆ ಬಿದ್ದಿದ್ರೆ ಆ ಅಲಗು ಸೊಂಟದ ಹತ್ರ ಇಳಿದಿರ್ತಿತ್ತು.

ಇನ್ನೊಂದು, ಒಂದೇ ಚೀಲದಲ್ಲಿ ಅಲಗುಗಳು ಒಂದಕ್ಕೊಂದು ಉಜ್ಜಿ ಮೊಂಡಾಗ್ತವೆ, ಪಕ್ಕದ ಬಾಣದ ಕಡ್ಡಿಗೂ ಗೀರು ಬೀಳುತ್ತೆ. ಮೊಂಡು ಅಲಗಲ್ಲಿ ಹೊಡೆದ್ರೆ ಪ್ರಾಣಿ ಗಾಯ ಹೊತ್ತುಕೊಂಡು ಓಡುತ್ತೆ, ನರಳಿ ಸಾಯುತ್ತೆ. ಬೇಟೆಗೆ ಹೋಗೋನು ಇದನ್ನ ಸುಮ್ಮನೆ ಬಿಡೋ ಹಾಗಿಲ್ಲ.

ಬೇಕಾಗಿರೋದು ಇಷ್ಟು. ಮೇಲೆ ಗಟ್ಟಿ ಹುಡ್, ಅಂದ್ರೆ ಅಲಗುಗಳನ್ನ ಪೂರ್ತಿ ಮುಚ್ಚೋ ಗೂಡು, ಅದರ ಒಳಗೆ ಗಟ್ಟಿ ಫೋಮ್, ಕೆಳಗೆ ಪ್ರತಿ ಬಾಣದ ಕಡ್ಡಿ ಕಚ್ಚಿ ಹಿಡಿಯೋ ಗ್ರಿಪ್ಪರ್. ಬಿಲ್ಲಿಗೆ ಸಿಕ್ಕಿಸೋದಾದ್ರೂ ಸರಿ, ಸೊಂಟಕ್ಕಾದ್ರೂ ಸರಿ. ಅಂಗಡೀಲಿ ನೋಡುವಾಗ ಬಾಣ ಸಿಕ್ಕಿಸಿ ಪಕ್ಕದಿಂದ ಬೆರಳು ಅಲಗಿಗೆ ತಾಗೋ ಹಾಗಿದ್ಯಾ ನೋಡಿ, ಸಂದು ಇದ್ರೆ ಬಿಟ್ಟುಬಿಡಿ. ಮನೇಲಿ ಫೀಲ್ಡ್ ಪಾಯಿಂಟ್ ಹಾಕಿ ತಲೆಕೆಳಗು ಮಾಡಿ ಜೋರಾಗಿ ಅಲ್ಲಾಡಿಸಿ, ಓಡಿ, ಕೂತ್ಕೊಳಿ, ಮಲಗಿ. ಒಂದು ಬಾಣ ಜಾರಿದ್ರೂ ಅದು ಬೇಡ. ಫೋಮ್‌ಗೂ ಆಯಸ್ಸಿದೆ, ಒಂದೇ ತೂತಿಗೆ ದಿನಾ ಚುಚ್ಚಿ ಚುಚ್ಚಿ ಸಡಿಲ ಆದ್ರೆ ಬದಲಾಯಿಸಿ.

ಮಗನ ವಿಷಯ. ಮುಂದಿನ ವಾರದೊಳಗೆ ಅವನಿಗೆ ಹುಡ್ ಇರೋದು ಸಿಗದಿದ್ರೆ ಅವನ ಬ್ರಾಡ್‌ಹೆಡ್ ನಿಮ್ಮ ಹತ್ರ ಇರಲಿ, ಇಲ್ಲ ಅಂದ್ರೆ ಈ ಸಲ ಬರೀ ನೋಡೋಕೆ ಬರಲಿ. ಮರದ ಅಟ್ಟಣೆ ಹತ್ತೋದಿದ್ರೆ ಬಿಲ್ಲು ಬತ್ತಳಿಕೆ ಹೊತ್ತುಕೊಂಡು ಹತ್ತಬೇಡಿ, ಮೇಲೆ ಹೋಗಿ ಬೆಲ್ಟ್ ಬಿಗಿದ ಮೇಲೆ ಹಗ್ಗದಲ್ಲಿ ಎಳ್ಕೊಳಿ. ಜಾರ್ತಿದ್ದೀನಿ ಅನಿಸಿದ್ರೆ ಬಿಲ್ಲನ್ನ ಮೈಯಿಂದ ದೂರ, ಯಾರೂ ಇಲ್ಲದ ಕಡೆ ಎಸೆಯೋದು ಅವನಿಗೆ ಹತ್ತು ಸಲ ಅಭ್ಯಾಸ ಮಾಡಿಸಿ. ಅಲಗು ಮೈಯೊಳಗೆ ನಾಟಿದ್ರೆ ಕೀಳಬೇಡಿ, ಅಲ್ಲಾಡದ ಹಾಗೆ ಸುತ್ತ ಕಟ್ಟಿ ಆಸ್ಪತ್ರೆಗೆ ಹೋಗಿ. ಬರೀ ಕೊಯ್ದು ರಕ್ತ ಬರ್ತಿದ್ರೆ ಬಟ್ಟೆ ಇಟ್ಟು ಒತ್ತಿ ಹಿಡೀರಿ, ನಿಂತಿದ್ಯಾ ಅಂತ ಪದೇ ಪದೇ ಎತ್ತಿ ನೋಡಬೇಡಿ.

ತಳದ ಫೋಟೋ ಹಾಕಿ, ಒಳಗಿಂದ ತೆಗೆದದ್ದು.

ಶುಭಸಂಜೆ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ 🙏 "ಬತ್ತಳಿಕೆ ತಳಕ್ಕೆ 2 ಇಂಚು ಓಟ್ಸ್ ತುಂಬಿ, ಯಾವ ಬ್ರಾಡ್‌ಹೆಡ್ಡೂ ಆಚೆ ಬರಲ್ಲ. ಬಿರುಕು ಬಿಟ್ಟ ಕಾರ್ಬನ್ ಬಾಣಕ್ಕೆ ಸೂಪರ್ ಗ್ಲೂ ಹಾಕಿ, ಹೊಸದರ ಹಾಗೆ ಆಗುತ್ತೆ. ಚರ್ಮ ಬಿರುಸಾದ್ರೆ ಅಡುಗೆ ಎಣ್ಣೆ ಹಚ್ಚಿ."

ಮೇಷ್ಟ್ರು: ಇದನ್ನ ಯಾರೂ ಮಾಡಬೇಡಿ. ಓಟ್ಸ್ ಹಾಕೋದು ಹಳೇ ಬೇಟೆಗಾರರ ಉಪಾಯ ನಿಜ, ಬಾಣ ಗಲಗಲ ಅನ್ನದೆ ಇರೋಕೆ ಅಂತ, ಬಿದ್ದಾಗ ಅಲಗು ತಡೆಯೋಕೆ ಅಲ್ಲ. ಒದ್ದೆ ಆದ್ರೆ ಅದೇ ತುಕ್ಕು ಹಿಡಿಸುತ್ತೆ. ಅಡುಗೆ ಎಣ್ಣೆ ಚರ್ಮದೊಳಗೆ ಕಮಟು ವಾಸನೆ ಹಿಡಿಯುತ್ತೆ, ಚರ್ಮಕ್ಕೆ ಅಂತಲೇ ಮೇಣ ಇರೋ ಕ್ರೀಮ್ ಸಿಗುತ್ತೆ. ಮಧ್ಯದ್ದು ಮಾತ್ರ ಅತಿ ಅಪಾಯ. ಬಿರುಕು ಬಿಟ್ಟ ಕಾರ್ಬನ್ ಬಾಣ ಹೆದೆ ಬಿಟ್ಟ ಕ್ಷಣದಲ್ಲೇ ಸೀಳಿ ಬಿಲ್ಲು ಹಿಡಿದ ಕೈಯೊಳಗೆ ನುಗ್ಗಬಹುದು. ಗ್ಲೂ ಅದನ್ನ ಹಿಡಿಯಲ್ಲ. ಪ್ರತಿ ಸಲ ಬಾಣ ಕಿತ್ತ ಮೇಲೆ ಎರಡು ತುದಿ ಹಿಡಿದು ಸ್ವಲ್ಪ ಬಗ್ಗಿಸಿ, ತಿರುಗಿಸ್ತಾ ಸುತ್ತಲೂ ನೋಡಿ, ಕಟಕಟ ಅಂದ್ರೂ ಗೀರು ಬಾಯ್ಬಿಟ್ರೂ ಮುರಿದು ಬಿಸಾಕಿ.

ಶುಭಸಂಜೆ: ಸರ್ ನಾನು ಬರೀ ಫಾರ್ವರ್ಡ್ ಮಾಡಿದ್ದು.

ಮೇಷ್ಟ್ರು: ಕೈ ಹೋಗೋದು ಓದಿದೋರದ್ದು. ದಯವಿಟ್ಟು ಡಿಲೀಟ್ ಮಾಡಿ.

ಪರಂಪರೆ: ಮೇಷ್ಟ್ರ ಮೇಲೆ ಗೌರವ ಇದೆ, ಆದ್ರೆ ಪ್ಲಾಸ್ಟಿಕ್ ಹುಡ್ಡು ಫೋಮು ಹಾಕಿದ ಮೇಲೆ ಅದನ್ನ ಸಾಂಪ್ರದಾಯಿಕ ಅನ್ನೋದು ಯಾಕೆ? ನಿಜವಾದ ಬಿಲ್ಲುಗಾರನ ಬತ್ತಳಿಕೆ ಬೆನ್ನ ಮೇಲೇ. ಸಾವಿರಾರು ವರ್ಷದಿಂದ ಹಾಗೇ ಇದೆ.

ಹಳೇಪುಟ: ಯಾರು ಹೇಳಿದ್ದು? ಕುದುರೆ ಮೇಲೆ ಬಿಲ್ಲು ಹಿಡಿದ ಮಂಗೋಲರು, ತುರ್ಕರು ಸೊಂಟಕ್ಕೇ ಕಟ್ತಿದ್ದಿದ್ದು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಲ್ಲಿ 24 ತೂತಿನ ದುಂಡನೆ ಚರ್ಮದ ಬಿಲ್ಲೆ ಸಿಕ್ಕಿದೆ, ಒಂದೊಂದು ತೂತಲ್ಲಿ ಒಂದೊಂದು ಬಾಣ, ಗರಿ ಮುದುರಬಾರದು ಅಂತ. ಅಂದ್ರೆ ಬಾಣ ಬಿಡಿಬಿಡಿಯಾಗಿ ಹಿಡಿಯೋ ಯೋಚನೆ ಆಗಲೇ ಇತ್ತು. ಈಗಿನ ಗ್ರಿಪ್ಪರ್ ಮಾಡೋದೂ ಅದೇ ಕೆಲಸ.

ಪರಂಪರೆ: ಅದು ಯುದ್ಧ. ನಾನು ಹೇಳ್ತಿರೋದು ಬೇಟೆ, ಕಾಡು. ಅರ್ಜುನನ ಅಕ್ಷಯ ಬತ್ತಳಿಕೆ ಎಲ್ಲಿತ್ತು? ಬೆನ್ನ ಮೇಲೆ. ಚಿತ್ರ ನೋಡಿಲ್ವಾ?

ಹಳೇಪುಟ: ಚಿತ್ರ ಬರೆದೋನು ಬಿಲ್ಲು ಹಿಡಿದಿದ್ನಾ? ಬೇಟೆ ಬೇಕಾ, 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಜಿ, ಸುಮಾರು 5,300 ವರ್ಷ ಹಿಂದಿನ ಮನುಷ್ಯ. ಅವನ ಬತ್ತಳಿಕೆ ಉದ್ದನೆ ಚರ್ಮದ ಚೀಲ, ಬಗ್ಗದ ಹಾಗೆ ಪಕ್ಕಕ್ಕೆ ಮರದ ಕಡ್ಡಿ ಕೊಟ್ಟಿದ್ರು. ಒಳಗೆ 14 ಬಾಣ, ಅದರಲ್ಲಿ ಮೊನೆ ಗರಿ ಎರಡೂ ಇದ್ದಿದ್ದು 2ಕ್ಕೆ ಮಾತ್ರ.

ಪರಂಪರೆ: ನೋಡಿದ್ರಾ, ಚರ್ಮದ ಚೀಲ! ನಾನು ಹೇಳಿದ್ದೇ ಅದು.

ಹಳೇಪುಟ: ಚೀಲ ಅಂದೆ, ಬೆನ್ನು ಅಂದ್ನಾ? ಓದೋಕಾದ್ರೂ ಕಲೀರಿ.

ಪರಂಪರೆ: ಮರ್ಯಾದೆ ಕೊಟ್ಟು ಮಾತಾಡಿ ಸ್ವಾಮಿ. ಪುಸ್ತಕ ಓದಿ ಬಿಲ್ಲು ಹಿಡಿಯೋಕೆ ಬರಲ್ಲ. ನಾನು 12 ವರ್ಷದಿಂದ ಬೆನ್ನಿಗೆ ಹಾಕ್ಕೊಂಡು ತಿರುಗ್ತಿದ್ದೀನಿ, ಒಂದು ಗೀರೂ ಆಗಿಲ್ಲ.

ಕಾಡುದಾರಿ: ನನಗೂ ಹೋದ ವಾರದವರೆಗೆ ಆಗಿರ್ಲಿಲ್ಲ ಅಣ್ಣ.

ಗರಿಗೆದರಿ: ಮಳೆ ಪ್ರಶ್ನೆ ಇನ್ನೂ ಇದೆ 🙂

ಮೇಷ್ಟ್ರು: ಪರಂಪರೆ, ಬ್ಯಾಕ್ ಕ್ವಿವರ್ ಕೆಟ್ಟದ್ದು ಅಂತ ನಾನು ಹೇಳಲೇ ಇಲ್ಲ. ಜೀವನದಲ್ಲಿ ನಾನು ಜಾಸ್ತಿ ಹೊಲಿದಿರೋದು ಅದನ್ನೇ. ಫೀಲ್ಡ್ ಪಾಯಿಂಟ್ ಹಾಕಿ ದಿನಪೂರ್ತಿ ತ್ರೀಡಿ ಸುತ್ತೋಕೆ ಅದರಷ್ಟು ಹಿತವಾದ್ದು ಇನ್ನೊಂದಿಲ್ಲ, ಅದೂ ಚರ್ಮ 2 ಮಿಲಿಮೀಟರ್ ಹತ್ರ ಮೆತ್ತಗಿದ್ದು ಬಾಣದ ಸುತ್ತ ಕುಸಿದು ಅಪ್ಪಿಕೊಳ್ಳೋ ಹಾಗಿದ್ರೆ. ಡಬ್ಬಿ ಹಾಗೆ ಗಟ್ಟಿಯಾಗಿದ್ರೆ ಹೆಜ್ಜೆ ಹೆಜ್ಜೆಗೂ ಗಲಗಲ. ಬಗ್ಗಿದ್ರೆ ಬಾಣ ತಲೆ ಮೇಲಿಂದ ಸುರಿಯುತ್ತೆ, ಅದಕ್ಕೆ ಕೊಂಬೆ ಕೆಳಗೆ ನುಸುಳುವಾಗ ಕಂಕುಳ ಕೆಳಗಿಂದ ಮುಂದಕ್ಕೆ ಎಳ್ಕೊಂಡು ಕೈಯಲ್ಲಿ ಹಿಡಿಯೋದು ಕಲೀಬೇಕು. ಬೇಟೇಲಿ ಇನ್ನೊಂದು ತೊಂದ್ರೆ, ಭುಜದ ಮೇಲೆ ಕೈ ಎತ್ತಿ ಬಾಣ ತೆಗೆಯೋ ಚಲನೆ ದೊಡ್ಡದು, ಪ್ರಾಣಿ ಕಣ್ಣಿಗೆ ಬಿದ್ದೇ ಬೀಳುತ್ತೆ. ಇಷ್ಟೇ ನನ್ನ ಮಾತು, ಇಬ್ಬರೂ ಸಾಕು ಮಾಡಿ.

ಎಡಗೈ ಅವರೇ, ನಿಮ್ಮದು ಸುಲಭ. ಎಡ ಸೊಂಟಕ್ಕೆ ಫೀಲ್ಡ್ ಕ್ವಿವರ್, ಬಾಣ ತೆಗೆಯುವಾಗ ಮೊಣಕೈ ಭುಜಕ್ಕಿಂತ ಮೇಲೆ ಹೋಗದ ಹಾಗೆ ಬೆಲ್ಟ್ ಎತ್ತರ ಹೊಂದಿಸಿ. ಬಲಗೈಯವರದ್ದನ್ನ ತಿರುಗಿಸಿ ಕಟ್ಟಿದ್ರೆ ಓರೆ ಉಲ್ಟಾ ಆಗುತ್ತೆ, ಚರ್ಮದ್ದಾದ್ರೆ ಬೆಲ್ಟ್ ಪಟ್ಟಿ ಬಿಚ್ಚಿ ಹಿಂದುಮುಂದು ಹೊಲಿಸಿ, ಅರ್ಧ ಗಂಟೆ ಕೆಲಸ. ಭುಜ ಡಾಕ್ಟರಿಗೆ ತೋರಿಸದೆ ಬಿಲ್ಲು ಎಳೀತಾ ಇರಬೇಡಿ.

ನೇರಗುರಿ: ಮೇಷ್ಟ್ರೇ, ಬೋ ಕ್ವಿವರ್ (ಬಿಲ್ಲಿಗೆ ಸಿಕ್ಕಿಸೋದು) ಹಾಕಿದ ಮೇಲೆ ಬಾಣ ಪಕ್ಕಕ್ಕೆ ಹೋಗ್ತಿದೆ. ತೆಗೆದ್ರೆ ಸರಿಯಾಗಿ ಹೋಗುತ್ತೆ.

ಮೇಷ್ಟ್ರು: ಒಂದು ಬಾಣ 500 ಗ್ರೇನ್ ಅಂದ್ರೆ ಸುಮಾರು 32 ಗ್ರಾಂ, 6 ಬಾಣಕ್ಕೆ 190 ಗ್ರಾಂ ದಾಟುತ್ತೆ, ಕ್ವಿವರ್ ತೂಕ ಬೇರೆ, ಅದೆಲ್ಲಾ ಬಿಲ್ಲಿನ ಒಂದೇ ಪಕ್ಕಕ್ಕೆ ಜೋತಾಡುತ್ತೆ. ಬಿಲ್ಲು ಕೈಯಲ್ಲಿ ಆ ಕಡೆ ತಿರುಗುತ್ತೆ, ಗಾಳಿ ಬಂದ್ರೆ ಗರಿಗಳು ಹಾಯಿ ಹಾಗೆ ಹಿಡಿಯುತ್ತೆ. 3, 4 ಬಾಣದ್ದು ತಗೊಳಿ, ಬಿಲ್ಲಿಗೆ ಆದಷ್ಟು ಒತ್ತಿ ಕೂರೋದು. ಆಮೇಲೆ ಅದು ಹಾಕ್ಕೊಂಡೇ ಟ್ಯೂನ್ ಮಾಡಿ, ಅಂದ್ರೆ ಬಾಣ ನೇರ ಹೋಗೋ ಹಾಗೆ ಬಿಲ್ಲು ಹೊಂದಿಸಿ, ಹಾಕ್ಕೊಂಡೇ ಅಭ್ಯಾಸ ಮಾಡಿ. ಮನೇಲಿ ತೆಗೆದು ಕಾಡಲ್ಲಿ ಹಾಕಿದ್ರೆ ಬೇರೆ ಬಿಲ್ಲು ಹಿಡಿದ ಹಾಗೇ.

ನವಿಲ್ಗರಿ: ಬಿಗಿನರ್‌ಗೆ ಯಾವುದು ಒಳ್ಳೇದು ಸರ್?

ಮೇಷ್ಟ್ರು: ಮೇಲೆ ಓದಿ.

ಬಾಣಸಿಗ: ಸರ್ ಹೊಸದಾಗಿ ಶುರು ಮಾಡೋರಿಗೆ ಬ್ಯಾಕ್ ಒಳ್ಳೇದಾ ಹಿಪ್ಪಾ?

ಮೇಷ್ಟ್ರು: ಹಿಪ್, ಸೊಂಟಕ್ಕೆ ಕಟ್ಟೋದು. ಮೂರನೇ ಸಲ ಬರೀತಿದ್ದೀನಿ.

ಪರಂಪರೆ: ಎಲ್ಲರಿಗೂ ಹಿಪ್ ಹಿಪ್ ಅಂದ್ರೆ ಬೆನ್ನಿಗೆ ಹಾಕೋ ಕಲೆ ಸತ್ತು ಹೋಗುತ್ತೆ.

ಹಳೇಪುಟ: ಮತ್ತೆ ಶುರುವಾಯ್ತು.

ಪರಂಪರೆ: ನಿಮ್ಮನ್ನ ಕೇಳ್ಲಿಲ್ಲ.

ನೇರಗುರಿ: ಇಬ್ಬರೂ ಇನ್‌ಬಾಕ್ಸ್‌ಗೆ ಹೋಗಿ ಜಗಳ ಆಡಿ, ಇಲ್ಲಿ ಪ್ರಶ್ನೆ ಕೇಳೋರಿದ್ದಾರೆ.

ತಾಯಿಬೇರು: ಮೇಡಂಗಳಿಗೆ ಬ್ಯಾಕ್ ಕ್ವಿವರ್ ಪಟ್ಟಿ ಎದೆ ಮೇಲೆ ಅಡ್ಡ ಬಂದು ಹೆದೆ ತಾಗುತ್ತೆ, ಇದಕ್ಕೇನಾದ್ರೂ ದಾರಿ ಇದ್ಯಾ? ಎರಡನೇ ಸಲ ಕೇಳ್ತಿದ್ದೀನಿ, ಹೋದ ತಿಂಗಳೂ ಕೇಳಿದ್ದೆ.

ಕಾಡುದಾರಿ: ಫೋಟೋ ಹಾಕಿದ್ದೀನಿ ಮೇಷ್ಟ್ರೇ.

ಮೇಷ್ಟ್ರು: ನೋಡಿದೆ. ನೀವು ಒಂದು ತೂತು ಅಂದ್ರಿ, ನನಗೆ ಮೂರು ಕಾಣ್ತಿದೆ. ಹೊಲಿಗೆ ಪಕ್ಕದ್ದು ಒಂದು, ಎಡಕ್ಕೆ ಎರಡು ಸೀಳು ಅರ್ಧ ಚರ್ಮದವರೆಗೆ ಇಳಿದಿದೆ, ಟಾರ್ಚ್ ಬಿಟ್ಟು ನೋಡಿ. ಅಲಗಿನ ಮೇಲೆ ಕಂದು ಚುಕ್ಕೆ ಇದೆಯಲ್ಲ, ಅದು ತುಕ್ಕು. ಚರ್ಮ ನೀರು ಹಿಡಿದಿಟ್ಕೊಳುತ್ತೆ, ಅದರಲ್ಲಿ ಉಕ್ಕಿನ ಅಲಗು ರಾತ್ರಿ ಎಲ್ಲಾ ಬಿಟ್ರೆ ಹೀಗೇ ಆಗೋದು. ಅಲಗು ಬಿಚ್ಚಿ ಡಬ್ಬಿಗೆ ಹಾಕಿ, ಮತ್ತೆ ಮಸೆದು ತೆಳ್ಳಗೆ ಎಣ್ಣೆ ಸವರಿ. ಮಗನದ್ದರ ಒಳಗೂ ಈಗಲೇ ಟಾರ್ಚ್ ಬಿಟ್ಟು ನೋಡ್ತೀರಾ?

ಕಾಡುದಾರಿ: ನೋಡಿದೆ. ಅವನದ್ದರಲ್ಲೂ ಒಂದು ಸೀಳು ಇದೆ. ಅವನು ಬೆಳಿಗ್ಗೆ ಅದನ್ನೇ ಹಾಕ್ಕೊಂಡು ಸೈಕಲ್‌ನಲ್ಲಿ ಪ್ರಾಕ್ಟೀಸ್‌ಗೆ ಹೋಗಿದ್ದ.

ಮೇಷ್ಟ್ರು: ಬ್ರಾಡ್‌ಹೆಡ್ ಇತ್ತಾ ಒಳಗೆ?

ಕಾಡುದಾರಿ: ಎರಡು.

ಮೇಷ್ಟ್ರು: ಫೋನ್ ನಂಬರ್ ಇನ್‌ಬಾಕ್ಸ್ ಮಾಡಿ, ನಿಮ್ಮಿಬ್ಬರ ಜೊತೆ ಮಾತಾಡ್ತೀನಿ. ಉಳಿದೋರು ಕ್ಷಮಿಸಿ, ಇವತ್ತಿಗೆ ಇಷ್ಟೇ.

ಗರಿಗೆದರಿ: ಮಳೆ?