ತಿರುಗಿ ಹೊಡೆಯುವುದಾದರೆ ಯಾರಿಗೆ?

"ಶೆಟ್ರೆ, ನನಗೊಂದು ವೈರಸ್ ಬೇಕು."

ಭಟ್ರು ಕೇಳಿದ ಧಾಟಿ ಕಾಲು ಕಿಲೋ ಬೆಲ್ಲ ಕೇಳಿದ ಹಾಗಿತ್ತು. ಕಾಸರಗೋಡಿನ ಬದಿಯಡ್ಕ ಪೇಟೆಯ ಅಂಗಡಿ. ಹೊರಗೆ ಜಡಿಮಳೆ, ಒಳಗೆ ನಾವು ನಾಲ್ಕೈದು ಜನ.

"ತೋಟಕ್ಕೆ ಕೊಳೆರೋಗ ಬಂದದ್ದು ಸಾಲದಾ ನಿಮಗೆ?" ಎಂದರು ಶೆಟ್ರು.

ವಿಷಯ ಇಷ್ಟೆ. ಭಟ್ರ ವಾಟ್ಸಾಪ್‌ಗೆ ಮಲಯಾಳದಲ್ಲಿ ಒಂದು ಚಲನ್ ಬಂದಿತ್ತು. ಹೆಲ್ಮೆಟ್ ಹಾಕಿಲ್ಲವಂತೆ, ದಂಡ ಕಟ್ಟಬೇಕಂತೆ. ಜತೆಗೊಂದು ಎಪಿಕೆ ಫೈಲ್, ಅಂದರೆ ಫೋನಿಗೆ ಹಾಕುವ ಆ್ಯಪ್. ಅದನ್ನು ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರುವ ಒಟಿಪಿಯೆಲ್ಲ ಕಳ್ಳರ ಪಾಲು. ಭಟ್ರಲ್ಲಿ ಬೈಕೇ ಇಲ್ಲ, ಹಾಗಾಗಿ ಬಚಾವಾದರು. ಸಿಟ್ಟು ಮಾತ್ರ ಇಳಿದಿಲ್ಲ.

"ಕಳಿಸಿದವನ ಫೋನು ಹಾಳಾಗುವಂಥದ್ದು ಒಂದು ವಾಪಸ್ ಕಳಿಸಬೇಕು. ಮುಯ್ಯಿಗೆ ಮುಯ್ಯಿ."

ಸರಕಾರಿ ಅರ್ಜಿಗಳನ್ನೆಲ್ಲ ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗ ಸೋಡಾ ಕೆಳಗಿಟ್ಟ. "ಅದು ಕಳ್ಳನ ಫೋನ್ ಅಂತ ಯಾರು ಹೇಳಿದ್ದು ಭಟ್ರೆ? ನಿಮ್ಮ ಹಾಗೆ ಚಲನ್ ಬಂದು, ಒತ್ತಿ ಕೆಟ್ಟ ಯಾರದ್ದೋ ಇರಬಹುದು. ಬೇಡದಿದ್ದರೂ ರಾಶಿ ಬೀಳುವ ಸ್ಪಾಮ್ ಮೇಲ್‌ನದ್ದೂ ಅದೇ ಕಥೆ. ಕಳಿಸಿದವನ ವಿಳಾಸ ಸುಳ್ಳು, ಹೊರಟ ಕಂಪ್ಯೂಟರ್ ಯಾವುದೋ ಪಾಪದವರದ್ದು."

"ಹಾಗಾದರೆ ಒಳ್ಳೆಯ ವೈರಸ್ ಬಿಡುವ. ಕೆಟ್ಟದ್ದನ್ನು ತಿಂದುಹಾಕುವಂಥದ್ದು."

"ಅದೂ ಆಗಿದೆ. 2003ರಲ್ಲಿ ಬ್ಲಾಸ್ಟರ್ ಎಂಬ ಹುಳ, ಅಂದರೆ ತನ್ನಷ್ಟಕ್ಕೇ ಹರಡುವ ವೈರಸ್, ಬಂತು. ಅದನ್ನು ಓಡಿಸಲಿಕ್ಕೆ ಯಾರೋ ವೆಲ್ಚಿಯಾ ಎಂಬ ಹುಳ ಬಿಟ್ಟರು. ಬ್ಲಾಸ್ಟರನ್ನು ಅಳಿಸಿ, ತೂತು ಮುಚ್ಚುವ ಮೈಕ್ರೋಸಾಫ್ಟ್‌ನ ಪ್ಯಾಚ್ ಕೂಡ ಹಾಕುತ್ತಿತ್ತು. ಆದರೆ ಮುಂದಿನ ಕಂಪ್ಯೂಟರ್ ಹುಡುಕುವ ಗಡಿಬಿಡಿಯಲ್ಲಿ ನೆಟ್‌ವರ್ಕೇ ಜಾಮ್."

"ಸಮಾಜಸೇವಕರು ಜಾಸ್ತಿಯಾದರೆ ಹೀಗೆಯೇ," ಎಂದರು ಶೆಟ್ರು. ಪಂಚಾಯತು ಸದಸ್ಯರು ಅಲ್ಲಿ ಇರಲಿಲ್ಲ, ಪುಣ್ಯ.

ನಾನು ಸ್ಪಾಮ್‌ಗೆ ತಿರುಗಿ ಹೊಡೆಯುವ ಬ್ಲೂ ಫ್ರಾಗ್ ಎಂಬ ಸಾಫ್ಟ್‌ವೇರಿನ ಕಥೆ ತೆಗೆದೆ. ಇಸ್ರೇಲಿನ ಬ್ಲೂ ಸೆಕ್ಯೂರಿಟಿ ಕಂಪನಿಯದ್ದು. ಸದಸ್ಯರಿಗೆ ಸ್ಪಾಮ್ ಬಂದರೆ, ಆ ಮಾಲು ಮಾರುವ ತಾಣಕ್ಕೆ 'ನಮ್ಮ ಹೆಸರು ತೆಗೆಯಿರಿ' ಎಂದು ಎಲ್ಲರ ಕಡೆಯಿಂದ ದೂರು ಸುರಿಯುತ್ತಿತ್ತು. 2006ರ ಮೇ ತಿಂಗಳಲ್ಲಿ ಸ್ಪಾಮರ್‌ಗಳು ತಿರುಗಿಬಿದ್ದರು. ಅವರ ದಾಳಿಗೆ ಕಂಪನಿಯ ತಾಣ ಮಲಗಿತು. ಬರುವವರನ್ನು ಕಂಪನಿಯವರು ಟೈಪ್‌ಪ್ಯಾಡ್ ಎಂಬ ಬ್ಲಾಗ್ ತಾಣದಲ್ಲಿದ್ದ ತಮ್ಮ ಇನ್ನೊಂದು ಪುಟಕ್ಕೆ ತಿರುಗಿಸಿದರು. ಪೆಟ್ಟೂ ಹಿಂದೆಯೇ ಹೋಯಿತು! ಟೈಪ್‌ಪ್ಯಾಡ್ ಬಿತ್ತು, ಜತೆಗೆ ಅಂಥದ್ದೇ ಇನ್ನೊಂದು ತಾಣ ಲೈವ್‌ಜರ್ನಲ್ ಬಿತ್ತು. ಈ ಜಗಳಕ್ಕೆ ಸಂಬಂಧವೇ ಇಲ್ಲದವರೆಲ್ಲ ಪೆಟ್ಟು ತಿಂದರು. ಅದೇ ತಿಂಗಳು ಕಂಪನಿ ಈ ಉಸಾಬರಿಯನ್ನೇ ಬಿಟ್ಟಿತು.

"ಅದೆಲ್ಲ ಹಾಗಿರಲಿ," ಎಂದ ಹುಡುಗ, "ವೈರಸ್ ಬಿಟ್ಟರೆ ಐಟಿ ಕಾಯ್ದೆಯ 66ನೇ ಸೆಕ್ಷನ್. 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮೊದಲು ಬಿಟ್ಟದ್ದು ಅವನು ಅಂದರೆ ಕೋರ್ಟು ಕೇಳುವುದಿಲ್ಲ."

"ಹೆಲ್ಮೆಟ್ಟಿನ ದಂಡವೇ ವಾಸಿ," ಎಂದು ಭಟ್ರು ಕೂತರು.

ಅಷ್ಟು ಹೊತ್ತು ಎಲೆ ಅಡಿಕೆ ಜಗಿಯುತ್ತಿದ್ದ ಮಾಷ್ಟ್ರು ಎದ್ದು ಉಗಿದು ಬಂದರು. ರಿಟೈರಾದ ಮೇಲೆ ಅವರಿಗೆ ತಾಳಮದ್ದಳೆಯೇ ಉದ್ಯೋಗ. "ಹೊಡೆಯುವುದು ಯಾಕೆ? ಮಾತಾಡಿಸಿ ಸುಸ್ತು ಮಾಡುವ."

"ಬ್ರಿಟನ್ನಿನ ಓ2 ಕಂಪನಿ ಅದನ್ನೇ ಮಾಡಿದೆ," ಎಂದ ಹುಡುಗ. "2024ರಲ್ಲಿ ಡೇಸಿ ಅಂತ ಎಐ ಅಜ್ಜಿ. ಕಳ್ಳರು ಫೋನ್ ಮಾಡಿದರೆ ತನ್ನ ಬೆಕ್ಕಿನ ಕಥೆ, ಉಲ್ಲನ್ ಹೆಣೆಯುವ ಕಥೆ ಹೇಳಿ 40 ನಿಮಿಷದವರೆಗೂ ಹಿಡಿದಿಟ್ಟದ್ದುಂಟು."

"ನಲ್ವತ್ತೇ? ನನ್ನ ಕೌರವನಿಗೆ ಪೀಠಿಕೆಗೇ ಅದು ಸಾಲದು!"

ಇದು ನಮಗೆಲ್ಲ ಬಹಳ ಹಿಡಿಸಿತು. ಭಾಗವತರು ಯಾರು, ಚೆಂಡೆ ಬೇಕಾ ಬೇಡ್ವಾ ಎಂಬಲ್ಲಿಗೆ ಮುಟ್ಟಿತು. ಹುಡುಗ ಒಬ್ಬನೇ ನಗಲಿಲ್ಲ.

"ಆ ಕಡೆ ಮಾತಾಡುವವನೂ ಕಳ್ಳನೇ ಆಗಬೇಕೆಂದಿಲ್ಲ ಮಾಷ್ಟ್ರೆ. ಕೆಲಸ ಕೊಡಿಸ್ತೇವೆ ಅಂತ ಮ್ಯಾನ್ಮಾರ್‌ಗೆ ಕರಕೊಂಡು ಹೋಗಿ, ಕೂಡಿಹಾಕಿ ಈ ಕೆಲಸ ಮಾಡಿಸ್ತಾರೆ. 2025ರ ಮಾರ್ಚ್‌ನಲ್ಲಿ ಅಲ್ಲಿಂದ 500ಕ್ಕೂ ಜಾಸ್ತಿ ಭಾರತೀಯರನ್ನು ವಿಮಾನದಲ್ಲಿ ವಾಪಸ್ ತಂದರು."

ಮಾಷ್ಟ್ರ ಕೌರವ ತಣ್ಣಗಾದ. ಹಾಗಾದರೆ ಸುಮ್ನೆ ಕೂರುವುದಾ ಎಂದು ಕೇಳಿದರು. ಸುಮ್ಮನೆ ಯಾಕೆ, ಬ್ಲಾಕ್ ಮಾಡಿ, ವಾಟ್ಸಾಪ್‌ಗೆ ರಿಪೋರ್ಟ್ ಮಾಡಿ ಎಂದ ಹುಡುಗ. ಸಪ್ಪೆ ಉಪಾಯ, ನಿಜ. ಆದರೆ ನನಗೂ ಬೇರೆ ದಾರಿ ಕಾಣಲಿಲ್ಲ.

"ದುಡ್ಡು ಹೋದರೆ ಮಾತ್ರ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಬ್ಯಾಂಕಿನಲ್ಲೇ ತಡೆಯಲಿಕ್ಕೆ ಆದೀತು."

"ಆ ಫೋನು ನಾನೇ ಮಾಡ್ತೇನೆ," ಎಂದರು ಮಾಷ್ಟ್ರು.

ಭಟ್ರು ಕೈಮುಗಿದರು. "ಬೇಡ ಮಾರಾಯ್ರೆ. ನಿಮ್ಮ ಪೀಠಿಕೆ ಮುಗಿಯುವಾಗ ಖಾತೆಯಲ್ಲಿ ಎಂತ ಉಳಿದೀತು?"