ತೊಗರಿ ನೆಟೆ ರೋಗದ ಜೀನ್: ಇಷ್ಟು ಮಾರ್ಕರ್ ಹೆಂಗ ಬಂದ್ವು?

ಪ್ರಶ್ನೆ (ಆಳಂದದಾಕಿ):
ನಮ್ಮ ಕಡೆ ಹೂ ಬಿಡೋ ಹೊತ್ತಿಗೇ ತೊಗರಿ ಗಿಡ ನಿಂತಲ್ಲೇ ಒಣಗ್ತಾವ. ಕಾಂಡ ಸೀಳಿದ್ರ ಒಳಗ ಕಪ್ಪು ಗೀರು. ಅದನ್ನ ತಡೆಯೋ ಜೀನ್ ಹುಡುಕ್ಲತ್ತೀನಿ. 200 ತಳಿ, 50,000 ಸ್ನಿಪ್ (ಡಿಎನ್‌ಎದಾಗ ತಳಿಯಿಂದ ತಳಿಗೆ ಒಂದೇ ಅಕ್ಷರ ಬದಲಾಗೋ ಜಾಗ, ಇವೇ ನನ್ನ ಮಾರ್ಕರ್). ಒಂದೊಂದಕ್ಕೂ ರೋಗದ ಜೋಡಿ ನಂಟು ನೋಡೋ ರಿಗ್ರೆಷನ್ ಮಾಡಿದ್ರ ಪಿ-ಮೌಲ್ಯ (ನಂಟು ಇರದಿದ್ರೂ ಇಷ್ಟು ದೊಡ್ಡ ನಂಟು ಕಾಣೋ ಸಂಭವ) 0.05ಕ್ಕಿಂತ ಕಡಿಮಿ ಇರೋವು ಸಾವಿರಗಟ್ಟಲೆ ಬಂದ್ವು. ಎಲ್ಲಾ ನಂಬ್ಲೇನ್ರಿ?

ಉತ್ತರ (ಕಲಬುರಗಿ ಅಕ್ಕ):
ಬ್ಯಾಡವ್ವಾ. ಒಂದೂ ಖರೆ ಇರದಿದ್ರೂ 50,000ದಾಗ ಸುಮಾರು 2,500 ಆಕಸ್ಮಿಕವಾಗೇ ಬರ್ತಾವ. ಬಾನ್‌ಫೆರೋನಿ ಪ್ರಕಾರ, ಅಂದ್ರ 0.05ನ್ನ ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿದ್ರ, ಮಿತಿ 0.000001. ಅದಕ್ಕಿಂತ ದೊಡ್ಡ ಚಿಂತಿ ತಳಿಗಳ ಬಳಗ. ಒಂದೇ ಸೀಮೆಯ ತಳಿಗಳು ರೋಗ ತಡೆದ್ರ, ಆ ಬಳಗದಾಗ ಹೆಚ್ಚಿರೋ ಸಂಬಂಧ ಇಲ್ಲದ ಮಾರ್ಕರ್‌ಗಳೂ ಮ್ಯಾಲೆ ಏಳ್ತಾವ. ಮಿಕ್ಸೆಡ್ ಮಾಡೆಲ್‌ದಾಗ (ಬಳಗದ ಪ್ರಭಾವ ಬ್ಯಾರೆ ಮಾಡೋ ರಿಗ್ರೆಷನ್) ಕಿನ್‌ಶಿಪ್ ಮ್ಯಾಟ್ರಿಕ್ಸ್ (ಯಾವ ತಳಿ ಯಾವುದಕ್ಕ ಎಷ್ಟು ಹತ್ತಿರದ ಬಳಗ ಅನ್ನೋ ಪಟ್ಟಿ) ಸೇರಿಸು, ಆಮ್ಯಾಲೆ ಕ್ಯೂ-ಕ್ಯೂ ಪ್ಲಾಟ್ (ಬಂದ ಪಿ-ಮೌಲ್ಯಗಳನ್ನ ಆಕಸ್ಮಿಕವಾಗಿ ಬರಬೇಕಾದವುಗಳ ಜೋಡಿ ಹೋಲಿಸೋ ಚಿತ್ರ) ನೋಡು. ತುದಿ ಬಿಟ್ಟು ಉಳಿದ ಚುಕ್ಕಿ ಗೆರಿ ಮ್ಯಾಲೇ ಕೂಡಬೇಕು. ಈ ಕೆಲಸ ಬಿಡಬ್ಯಾಡ, ನಮ್ಮ ರೈತರಿಗೆ ಭಾಳ ಬೇಕಾಗ್ಯಾದ.

ಉತ್ತರ (ಬೀದರ್):
ಅಕ್ಕಾರ ಮಾತು ಖರೆ. ಆದ್ರ ಅಕ್ಕಪಕ್ಕದ ಸ್ನಿಪ್ ಕೂಡೇ ಬರ್ತಾವ, ಹಂಗಾಗಿ ಬಾನ್‌ಫೆರೋನಿ ಭಾಳ ಬಿಗಿ. ಎಫ್‌ಡಿಆರ್‌ನೂ (ಆರಿಸಿದವುಗಳಾಗ ಸುಳ್ಳು ಎಷ್ಟು ಪಾಲು ಅನ್ನೋ ಲೆಕ್ಕ) ನೋಡ್ರಿ. ಮ್ಯಾಲೆ ಬಂದ ಸ್ನಿಪ್ಪೇ ಜೀನ್ ಅಲ್ಲ, ಬರೇ ನೆರೆಮನಿ ಇರಬಹುದು.

ಆಳಂದದಾಕಿ:
ಕಿನ್‌ಶಿಪ್ ಹಾಕಿದ ಮ್ಯಾಲೆ 3 ಉಳದಾವ್ರಿ, ಎರಡು ಒಂದೇ ಕ್ರೋಮೋಸೋಮಿನಾಗ. ಮುಂದಿನ ಹಂಗಾಮಿಗೆ ಬ್ಯಾರೆ ತಳಿ ತಗೊಂಡು ರೋಗದ ಹೊಲದಾಗ ನೋಡ್ತೀನಿ.