ಸಹಾಯ ಬೇಕು: ಪ್ರಥಮ ಚಿಕಿತ್ಸೆಯನ್ನು ಮಕ್ಕಳ ಕೈಗೆ ರೂಢಿ ಮಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 12ರಿಂದ 16 ವರ್ಷದ ಸುಮಾರು 30 ವಿದ್ಯಾರ್ಥಿಗಳಿರುವ ಯುವ ತಂಡವೊಂದಕ್ಕೆ ವಾರಕ್ಕೊಮ್ಮೆ ಪ್ರಥಮ ಚಿಕಿತ್ಸೆ ಕಲಿಸುತ್ತಿದ್ದೇನೆ. ಅನುಭವಿಗಳಾದ ತಮ್ಮ ಸಲಹೆ ಬೇಕಾಗಿದೆ.

ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು, ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ ಮೂಗಿನ ಮೆದು ಭಾಗವನ್ನು ಕನಿಷ್ಠ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು ಎಂಬುದನ್ನೆಲ್ಲ ಮಕ್ಕಳು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಕಳೆದ ವಾರ ಮುನ್ಸೂಚನೆ ಕೊಡದೆ ಒಬ್ಬ ಹುಡುಗನನ್ನು ಪ್ರಜ್ಞೆ ತಪ್ಪಿದವನಂತೆ ಮಲಗಿಸಿದಾಗ ಎಲ್ಲರೂ ಸುತ್ತ ನೆರೆದರೇ ಹೊರತು, ಉಸಿರಾಟವನ್ನು ಪರೀಕ್ಷಿಸಲಾಗಲಿ, ಆಂಬುಲೆನ್ಸ್‌ಗೆ ಕರೆ ಮಾಡುವಂತೆ ಒಬ್ಬರನ್ನು ಬೊಟ್ಟು ಮಾಡಿ ಹೇಳಲಾಗಲಿ ಯಾರೂ ಮುಂದಾಗಲಿಲ್ಲ. ಇದು ನನ್ನ ಬೋಧನೆಯ ದೋಷವೆಂದೇ ನಾನು ಭಾವಿಸುತ್ತೇನೆ. ಅಲ್ಲಿಯವರೆಗೂ ನಾನು ಹೆಚ್ಚಾಗಿ ಮಾತಿನಲ್ಲೇ ಕಲಿಸಿದ್ದೆ.

ಇನ್ನೊಂದು ತೊಡಕು ಸಿಪಿಆರ್ (ಹೃದಯ ಬಡಿತ ನಿಂತವರ ಎದೆಯನ್ನು ಒತ್ತಿ ಜೀವ ಉಳಿಸಲು ಯತ್ನಿಸುವ ಕ್ರಮ) ಅಭ್ಯಾಸದ್ದು. ವಯಸ್ಕರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ನಮ್ಮಲ್ಲಿರುವುದು ಒಂದೇ ತರಬೇತಿ ಗೊಂಬೆ. ಗಟ್ಟಿ ದಿಂಬಿನ ಮೇಲೆ ಲಯ ಕೂಡಿಬರುತ್ತದೆಯಾದರೂ ಆಳದ ಅಂದಾಜು ಸಿಗುವುದಿಲ್ಲ, ಒಬ್ಬರ ಎದೆಯನ್ನು ಇನ್ನೊಬ್ಬರು ಒತ್ತಿ ಅಭ್ಯಾಸ ಮಾಡುವುದಂತೂ ಅಪಾಯಕರ.

ಗೊಂಬೆಗೆ ಬದಲಾಗಿ ತಾವು ಏನನ್ನು ಬಳಸಿದ್ದೀರಿ? ಕೃತಕ ರಕ್ತವನ್ನು ಕಂಡರೂ ತಲೆ ಸುತ್ತುವ ಇಬ್ಬರು ನಮ್ಮಲ್ಲಿದ್ದು, ಅವರನ್ನು ಅಣಕು ಪ್ರದರ್ಶನದಿಂದ ಹೊರಗಿಡದೆ ಯಾವ ಹೊಣೆ ವಹಿಸಬಹುದೆಂಬುದನ್ನೂ ದಯವಿಟ್ಟು ತಿಳಿಸಿ.